ಐದನೆಯ ಅಂಕದ ಹಾಡು

ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ಹೆಸರು ಕೇಳದ ವಕೀಲರು ನಮ್ಮ ದೇಶದಲ್ಲಿ ಇರಲಾರರು. ಅದರ ನಾಲ್ಕನೆಯ ಅಂಕದ ನ್ಯಾಯಾಲಯದ ದೃಶ್ಯವನ್ನು ಶಾಲೆಯ ಪಠ್ಯದಲ್ಲಿ ಓದಿ, ಕಾನೂನು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಆಡಿ ಅಥವಾ ಆಡಿದವರನ್ನು ಕಂಡು, ಬಳಿಕ ವಾದದ ಭರದಲ್ಲಿ ಒಮ್ಮೆಯಾದರೂ ‘ಒಂದು ಪೌಂಡು ಮಾಂಸ’ದ ಮಾತನ್ನು ಬಳಸಿಯೇ ನಾವೆಲ್ಲ ಮುಂದೆ ಬಂದವರು. ಆದರೆ ಆ ಅಂಕ ಮುಗಿದ ಮೇಲೆಯೂ ನಾಟಕ ಮುಂದುವರಿಯುತ್ತದೆಂಬುದನ್ನು ನಮ್ಮಲ್ಲಿ ಬಹುಮಂದಿ ಮರೆತಿದ್ದೇವೆ. ತೀರ್ಪು ಬಂದ ಮೇಲೆ ಕಡತ ಕಟ್ಟಿಡುವುದು ನಮ್ಮ ವೃತ್ತಿಯ ಅಭ್ಯಾಸವಷ್ಟೆ.

ಆ ಐದನೆಯ ಅಂಕದಲ್ಲಿ ನ್ಯಾಯಾಲಯವಿಲ್ಲ, ಸಾಲವಿಲ್ಲ, ಶೈಲಾಕನೂ ಇಲ್ಲ. ಬೆಲ್ಮಾಂಟಿನ ಉದ್ಯಾನ, ಬೆಳದಿಂಗಳು, ದಂಡೆಯ ಮೇಲೆ ಕುಳಿತ ಇಬ್ಬರು ಪ್ರೇಮಿಗಳು, ಲೊರೆಂಜೊ ಮತ್ತು ಜೆಸಿಕಾ. ಮನೆಯ ವಾದ್ಯಗಾರರು ಹೊರಗೆ ಬಂದು ನುಡಿಸತೊಡಗುತ್ತಾರೆ. ಲೊರೆಂಜೊ ತನ್ನ ಹೆಂಡತಿಗೆ ಸಂಗೀತವೆಂದರೇನೆಂದು ವಿವರಿಸುತ್ತಾನೆ. ಇಂಗ್ಲಿಷ್ ಸಾಹಿತ್ಯದಲ್ಲಿ ಸಂಗೀತವನ್ನು ಕುರಿತು ಬರೆದ ಅತ್ಯಂತ ಪ್ರಸಿದ್ಧ ಪದ್ಯಭಾಗ ಅದೇ. ಈ ಪದ್ಯಭಾಗವನ್ನೇ ಎತ್ತಿಕೊಂಡು ಇಂಗ್ಲೆಂಡಿನ ಸಂಗೀತರಚನಕಾರ ವಾನ್ ವಿಲಿಯಮ್ಸ್ 1938ರಲ್ಲಿ ‘ಸೆರಿನೇಡ್ ಟು ಮ್ಯೂಸಿಕ್’ ಎಂಬ ಕೃತಿಯನ್ನು ರಚಿಸಿದರು. ಪಾಶ್ಚಾತ್ಯ ಸಂಗೀತದಲ್ಲಿ ನನಗೆ ಶಿಕ್ಷಣವಿಲ್ಲ. ಹದಿಮೂರು ಹದಿನಾಲ್ಕು ನಿಮಿಷಗಳ ಆ ಕೃತಿಯನ್ನು ಹಲವು ಬಾರಿ ಕೇಳಿದ ಬಳಿಕ, ನಾಟಕದ ಪುಸ್ತಕವನ್ನು ಮತ್ತೆ ಕೈಗೆ ತೆಗೆದುಕೊಂಡೆ. ಅಲ್ಲಿ ಕಂಡದ್ದನ್ನು, ಮನೆಯಲ್ಲಿ ಒಂದು ಭಾಷೆ ಬೀದಿಯಲ್ಲಿ ಇನ್ನೊಂದು ಭಾಷೆ ಎಂದು ಬದುಕುವ ನಮ್ಮ ಓದುಗರ ಮುಂದಿಡುವುದು ಅನುಚಿತವಾಗಲಾರದು.

ಮೊದಲು ರಚನಕಾರರ ವಿಷಯ. ಹೆಸರಿನ ಮೊದಲ ಭಾಗವನ್ನು ‘ರಾಲ್ಫ್’ ಎಂದು ಬರೆಯುತ್ತಾರೆ. ಆದರೆ ‘ರೇಫ್’ ಎಂದು ಉಚ್ಚರಿಸಬೇಕೆಂಬುದು ಅವರ ಆಗ್ರಹವಾಗಿತ್ತು. ಹುಟ್ಟಿದ್ದು 1872ರಲ್ಲಿ, ತೀರಿಕೊಂಡದ್ದು 1958ರಲ್ಲಿ. (1872 ಎಂದೊಡನೆ ವಕೀಲನಿಗೆ ನೆನಪಾಗುವುದು ಭಾರತೀಯ ಕರಾರು ಅಧಿನಿಯಮ, ನಮ್ಮ ಬತ್ತಲಗುಂಡಿನವರಿಗೆ ನೆನಪಾಗಬೇಕಾದದ್ದು ‘ಕಮಲಾಂಬಾಳ್ ಚರಿತ್ರಂ’ ಬರೆದ ರಾಜಂ ಅಯ್ಯರ್. ಅವರು ಈ ಊರಿನಲ್ಲಿ ಹುಟ್ಟಿದ್ದೂ ಅದೇ ವರ್ಷ.) 1903ರಿಂದ ಆರಂಭಿಸಿ ಹಳ್ಳಿಹಳ್ಳಿಗಳನ್ನು ಸುತ್ತಿ, ಮುದುಕರ ಬಾಯಿಂದ ಎಂಟು ನೂರಕ್ಕೂ ಮಿಕ್ಕಿ ಜನಪದಗೀತೆಗಳನ್ನು ಬರೆದುಕೊಂಡವರು ಅವರು. ಎಸೆಕ್ಸ್ ಸೀಮೆಯ ಒಂದು ಹಳ್ಳಿಯಲ್ಲಿ ಒಬ್ಬ ವೃದ್ಧ ಕೂಲಿಕಾರ ಹಾಡಿದ ಹಾಡು ಅವರ ಸಂಗೀತದ ದಿಕ್ಕನ್ನೇ ಬದಲಿಸಿತು. ಪಂಡಿತರ ಸಂಗೀತಕ್ಕಿಂತ ಮೊದಲು ತನ್ನ ಜನರ ಬಾಯಲ್ಲಿ ಏನಿದೆಯೆಂದು ಹುಡುಕಿದವರು ಎಂಬುದಷ್ಟನ್ನು ಇಲ್ಲಿ ನೆನಪಿಟ್ಟುಕೊಂಡರೆ ಸಾಕು.

1938ರಲ್ಲಿ ಲಂಡನ್ನಿನ ವಾದ್ಯವೃಂದ ನಿರ್ದೇಶಕ ಸರ್ ಹೆನ್ರಿ ವುಡ್ ಅವರು ತಮ್ಮ ವೃತ್ತಿಯ ಐವತ್ತು ವರ್ಷಗಳನ್ನು ಪೂರೈಸಿದರು. 1895ರಲ್ಲಿ ‘ಪ್ರಾಮ್ಸ್’ ಎಂಬ ಹೆಸರಿನ ಕಡಿಮೆ ದರದ ಸಂಗೀತ ಕಛೇರಿಗಳನ್ನು ನಡೆಸಿ, ನಿಂತುಕೊಂಡೇ ಕೇಳುವ ಸಾಮಾನ್ಯರಿಗೂ ಮಹಾಸಂಗೀತವನ್ನು ಮುಟ್ಟಿಸಿದ ಮನುಷ್ಯ. ಅವರ ಗೌರವಾರ್ಥವಾಗಿ ವಾನ್ ವಿಲಿಯಮ್ಸ್ ಈ ಕೃತಿಯನ್ನು ಬರೆದರು. ವುಡ್ ಅವರೊಡನೆ ವರ್ಷಗಟ್ಟಲೆ ಹಾಡಿದ್ದ ಹದಿನಾರು ಮಂದಿ ಗಾಯಕರನ್ನು ಆರಿಸಿಕೊಂಡರು: ಸ್ತ್ರೀಯರ ಮೇಲಿನ ಕಂಠ ನಾಲ್ಕು, ಕೆಳಗಿನ ಕಂಠ ನಾಲ್ಕು, ಪುರುಷರ ಮೇಲಿನದು ನಾಲ್ಕು, ಕೆಳಗಿನದು ನಾಲ್ಕು. ಇಸೊಬೆಲ್ ಬೇಲಿ, ಇವಾ ಟರ್ನರ್, ಆಸ್ಟ್ರಾ ಡೆಸ್ಮಂಡ್, ಹೆಡ್ಲ್ ನ್ಯಾಶ್, ರಾಯ್ ಹೆಂಡರ್ಸನ್ ಮುಂತಾದ ಅಂದಿನ ಮೊದಲ ಸಾಲಿನ ಕಂಠಗಳೆಲ್ಲ ಅದರಲ್ಲಿದ್ದವು. ಪ್ರತಿಯೊಬ್ಬರ ಧ್ವನಿಯ ಗುಣಕ್ಕೆ ತಕ್ಕಂತೆ ಒಂದೋ ಎರಡೋ ಸಾಲು. ಹಸ್ತಪ್ರತಿಯಲ್ಲಿ ಆಯಾ ಸಾಲಿನ ಮೇಲೆ ಆಯಾ ಗಾಯಕರ ಹೆಸರಿನ ಮೊದಲಕ್ಷರಗಳು. ಕೆಲವೆಡೆ ಹದಿನಾರು ಮಂದಿಯೂ ಸೇರಿ ಹಾಡುತ್ತಾರೆ, ಮತ್ತೆ ಒಂಟಿ ದನಿ, ಮತ್ತೆ ಒಕ್ಕೊರಲು. ಅಕ್ಟೋಬರ್ 5ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಅದೇ ಕಛೇರಿಯಲ್ಲಿ ತಮ್ಮ ಎರಡನೆಯ ಪಿಯಾನೊ ಕಾನ್ಚೆರ್ಟೊ ನುಡಿಸಿದ್ದ ರಖ್ಮಾನಿನೊವ್, ಬಳಿಕ ಪ್ರೇಕ್ಷಕರ ನಡುವೆ ಕುಳಿತು ಈ ಕೃತಿಯನ್ನು ಕೇಳಿ ಕಣ್ಣೀರಿಟ್ಟರೆಂದು ಹೇಳುತ್ತಾರೆ. ಅದೇ ತಿಂಗಳಲ್ಲಿ ಅದೇ ಹದಿನಾರು ಮಂದಿ ಸೇರಿ ಅದನ್ನು ಧ್ವನಿಮುದ್ರಿಸಿದರು. ಆ ಮುದ್ರಿಕೆ ಇಂದಿಗೂ ದೊರೆಯುತ್ತದೆ.

ಕೃತಿ ಆರಂಭವಾಗುವುದು ವಾದ್ಯಗಳಿಂದ. ಮೆಲ್ಲನೆ ಹರಡಿಕೊಳ್ಳುವ ತಂತಿವಾದ್ಯಗಳ ನಡುವಿನಿಂದ ಒಂದು ವಯೊಲಿನ್ ಏಕಾಂಗಿಯಾಗಿ ಮೇಲೇರುತ್ತದೆ. ಆಮೇಲೆ ಕಂಠಗಳು. ಬೆಳದಿಂಗಳು ದಂಡೆಯ ಮೇಲೆ ಮಲಗಿರುವ ಚಿತ್ರ. ನಕ್ಷತ್ರಗಳು ತಮ್ಮ ಚಲನೆಯಲ್ಲಿಯೇ ಹಾಡುತ್ತಿವೆಯೆಂಬ ಹಳೆಯ ಗ್ರೀಕ್ ಕಲ್ಪನೆ. ಆ ನಾದ ನಮ್ಮ ಆತ್ಮಗಳಲ್ಲಿಯೂ ಉಂಟು, ಆದರೆ ಈ ಮಣ್ಣಿನ ದೇಹದ ಹೊದಿಕೆಯಿಂದಾಗಿ ನಮಗೆ ಕೇಳಿಸದು ಎಂಬ ಮಾತು. ಅನಾಹತ ನಾದದ ಪರಿಚಯವಿರುವ ನಮ್ಮವರಿಗೆ ಇದು ಅಪರಿಚಿತವೆನಿಸದು. ಚಂದ್ರದೇವತೆಯನ್ನು ಎಬ್ಬಿಸಿರೆಂದು ವಾದ್ಯಗಾರರಿಗೆ ಹೇಳುವಲ್ಲಿ ಸಂಗೀತ ಒಮ್ಮೆ ಬೆಳಗುತ್ತದೆ. ಎದೆಯಲ್ಲಿ ಸಂಗೀತವಿಲ್ಲದ ಮನುಷ್ಯನನ್ನು ನಂಬಬಾರದೆಂಬ ಮಾತು ಬಂದಾಗ ಸ್ವರಗಳ ಮೇಲೆ ಮೋಡ ಕವಿಯುತ್ತದೆ. ಕೊನೆಗೆ ಎಲ್ಲವೂ ತಣ್ಣಗೆ, ನಿಶ್ಶಬ್ದದ ಅಂಚಿನಲ್ಲಿ ಮುಗಿಯುತ್ತದೆ. ಕೇಳಿದವರಿಗೆ ಸುಖವೆನಿಸದೆ ಇರದು.

ಇನ್ನು ವಕೀಲನ ಕಣ್ಣಿನಿಂದ ಪಠ್ಯವನ್ನು ನೋಡೋಣ. ದಾಖಲೆಯಲ್ಲಿ ಏನನ್ನು ಉಳಿಸಿದ್ದಾರೆ, ಏನನ್ನು ತೆಗೆದಿದ್ದಾರೆ ಎಂಬುದು ನಾವು ಮೊದಲು ಕೇಳುವ ಪ್ರಶ್ನೆ.

ವಾನ್ ವಿಲಿಯಮ್ಸ್ ಪದ್ಯವನ್ನು ಇದ್ದಂತೆ ಬಳಸಲಿಲ್ಲ. ಅಂಕದ ಆರಂಭದಲ್ಲಿ ಪ್ರೇಮಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಪುರಾಣಪ್ರಣಯಗಳ ಸರಣಿಯನ್ನು ಬಿಟ್ಟರು. ಕಾಡುಕುದುರೆಮರಿಗಳು ಸಂಗೀತಕ್ಕೆ ತಲೆಬಾಗುವ ಉಪಮೆಯನ್ನೂ ಆರ್ಫಿಯಸನ ಉಲ್ಲೇಖವನ್ನೂ ಬಿಟ್ಟರು. ಲೊರೆಂಜೊ, ಜೆಸಿಕಾ, ಪೋರ್ಷಿಯಾ, ನೆರಿಸ್ಸಾ, ಈ ನಾಲ್ವರ ಮಾತುಗಳನ್ನು ಒಂದೇ ಹಾಡಾಗಿ ಹೊಲಿದರು. ಯಾರ ಮಾತು ಯಾವುದೆಂಬ ಗುರುತನ್ನು ಅಳಿಸಿದರು. ಪಾತ್ರಗಳು ಹೋಗಿ ಧ್ವನಿಗಳಷ್ಟೇ ಉಳಿದವು. ಸಂಗೀತಕ್ಕಾಗಿ ಇಷ್ಟು ಸ್ವಾತಂತ್ರ್ಯವನ್ನು ರಚನಕಾರರಿಗೆ ಕೊಡಬೇಕಾದದ್ದೇ.

ಆದರೆ ಗುರುತುಗಳನ್ನು ಮತ್ತೆ ಹಚ್ಚಿ ಓದಿದರೆ ಚಿತ್ರ ಬೇರೆಯಾಗುತ್ತದೆ. ಸಂಗೀತವನ್ನು ಕುರಿತು ಅಷ್ಟು ಸೊಗಸಾಗಿ ಮಾತಾಡುವ ಲೊರೆಂಜೊ ಯಾರು? ಶೈಲಾಕನ ಮಗಳನ್ನು, ಅವಳೊಡನೆ ಅವನ ಹಣ ಒಡವೆಗಳನ್ನೂ, ರಾತ್ರಿ ಕರೆದೊಯ್ದವನು. ನಾಲ್ಕನೆಯ ಅಂಕದ ತೀರ್ಪಿನ ಫಲಾನುಭವಿಯೂ ಅವನೇ. ಶೈಲಾಕನ ಆಸ್ತಿಯ ಅರ್ಧವು ಆಂಟೋನಿಯೊ ವಶದಲ್ಲಿದ್ದು, ಶೈಲಾಕನ ಮರಣಾನಂತರ ಲೊರೆಂಜೊಗೆ ಸೇರಬೇಕು. ಉಳಿದದ್ದನ್ನೂ ಮಗಳಿಗೂ ಅಳಿಯನಿಗೂ ಬರೆದುಕೊಡುವ ದಾನಪತ್ರಕ್ಕೆ ಶೈಲಾಕ ನ್ಯಾಯಾಲಯದಲ್ಲಿಯೇ ಒಪ್ಪಬೇಕು. ಮತ್ತು ತನ್ನ ಧರ್ಮವನ್ನು ಬಿಟ್ಟು ಕ್ರೈಸ್ತನಾಗಬೇಕು. ಈ ಷರತ್ತುಗಳಿಗೆ ತೃಪ್ತಿಯೆಂದು ಹೇಳಿ, ಮೈ ಸರಿಯಿಲ್ಲವೆಂದು ಅಪ್ಪಣೆ ಬೇಡಿ, ಆ ಮುದುಕ ರಂಗದಿಂದ ಹೊರಟುಹೋಗುತ್ತಾನೆ. ಮರುಗಳಿಗೆಯಲ್ಲಿ ಬೆಳದಿಂಗಳು, ಸಂಗೀತ. ಆ ಅಂಕದ ಕೊನೆಯಲ್ಲಿ ನೆರಿಸ್ಸಾ ದಾನಪತ್ರವನ್ನು ಲೊರೆಂಜೊನ ಕೈಗಿಡುತ್ತಾಳೆ.

ತೀರ್ಪಿನ ವಿಷಯದಲ್ಲಿ ವೃತ್ತಿಯವನಾಗಿ ಒಂದು ಮಾತು. ನಮ್ಮ ಕರಾರು ಅಧಿನಿಯಮದ ಪ್ರಕಾರ ಆ ಪತ್ರ ಮೊದಲ ದಿನವೇ ಅನೂರ್ಜಿತ. ದೇಹಕ್ಕೆ ಹಾನಿ ಮಾಡುವ ಉದ್ದೇಶದ ಒಪ್ಪಂದವನ್ನು 23ನೆಯ ಕಲಮು ಒಪ್ಪದು. ದಂಡದ ರೂಪದ ಷರತ್ತಿದ್ದರೆ 74ನೆಯ ಕಲಮಿನಂತೆ ಯುಕ್ತವಾದ ಪರಿಹಾರವನ್ನಷ್ಟೇ ಕೊಡಿಸಬಹುದು. ರಕ್ತದ ಹನಿಯ ಜಾಣತನಕ್ಕೆ ಅವಕಾಶವೂ ಅವಶ್ಯಕತೆಯೂ ಇರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಪ್ರತಿವಾದಿಯ ಗೆಳೆಯನ ಹೆಂಡತಿಯೇ ವೇಷ ಮರೆಸಿಕೊಂಡು ಬಂದು ಕಾನೂನಿನ ಅರ್ಥ ಹೇಳುವ ನ್ಯಾಯಾಲಯದ ತೀರ್ಪು ಯಾವ ಮೇಲ್ಮನವಿಯಲ್ಲಿಯೂ ನಿಲ್ಲದು. ನಾಟಕದಲ್ಲಿ ಮೇಲ್ಮನವಿ ಇಲ್ಲ. ವೆನಿಸಿನ ಪ್ರಜೆಯ ಪ್ರಾಣಕ್ಕೆ ಸಂಚು ಮಾಡಿದ ಪರಕೀಯನಿಗೆಂದೇ ಬೇರೆ ಕಾನೂನು ಅಲ್ಲಿತ್ತೆಂಬುದನ್ನು ಶಾಲೆಯಲ್ಲಿ ಯಾರೂ ನಮಗೆ ಒತ್ತಿ ಹೇಳಲಿಲ್ಲ. ಆ ನಗರದಲ್ಲಿಯೇ ಬಾಳಿ, ಅಲ್ಲಿಯೇ ವ್ಯಾಪಾರ ಮಾಡಿದ ಶೈಲಾಕ ಆ ಕಾನೂನಿನ ಮುಂದೆ ಹೊರಗಿನವನೇ.

ಸಂಗೀತವಿಲ್ಲದ ಮನುಷ್ಯನೆಂದು ಲೊರೆಂಜೊ ಹೇಳುವಾಗ ಅವನ ಬೆರಳು ಯಾರ ಕಡೆಗೆ ಚಾಚಿದೆಯೆಂದು ಹೆಸರಿಸುವ ಅಗತ್ಯವಿಲ್ಲ. ಎರಡನೆಯ ಅಂಕದಲ್ಲಿ, ಬೀದಿಯಲ್ಲಿ ವೇಷಧಾರಿಗಳ ಮೆರವಣಿಗೆ ಬರಲಿದೆಯೆಂದು ತಿಳಿದ ಶೈಲಾಕ, ಡೋಲು ಕೊಳಲುಗಳ ದನಿ ಮನೆಯೊಳಗೆ ಬಾರದಂತೆ ಕಿಟಕಿಗಳನ್ನು ಮುಚ್ಚಿಡಲು ಮಗಳಿಗೆ ಆಜ್ಞಾಪಿಸಿದ್ದ. ಆ ರಾತ್ರಿಯೇ ಮಗಳು ಮನೆ ಬಿಟ್ಟಳು.

ಈ ಕಿಟಕಿ ನನ್ನನ್ನು ಬಹಳ ದಿನ ಕಾಡಿತು. ಬತ್ತಲಗುಂಡಿನಿಂದ ಕಂಬದ ಕಣಿವೆಯವರೆಗೆ ಹರಡಿಕೊಂಡಿರುವ ನಮ್ಮ ಒಕ್ಕಲಿಗ ಕಾಪಿಲಿಯರು, ಅನುಪ್ಪ ಗೌಡರು, ನೇಯ್ಗೆಯ ದೇವಾಂಗರು, ಎಲ್ಲರ ಮನೆಗಳಲ್ಲಿಯೂ ಇಂಥ ಕಿಟಕಿಯೊಂದುಂಟು. ತಲೆಮಾರುಗಳ ಹಿಂದೆ ಕನ್ನಡನಾಡು ಬಿಟ್ಟು ಬಂದವರು ನಾವು. ನಮಗೆ ವೈರಿಗಳಿರಲಿಲ್ಲ; ತಮಿಳು ನೆಲ ನಮ್ಮನ್ನು ಪ್ರೀತಿಯಿಂದಲೇ ಪೊರೆಯಿತು. ಶೈಲಾಕನ ಪಾಡಿಗೂ ನಮ್ಮ ಪಾಡಿಗೂ ಹೋಲಿಕೆ ಕಲ್ಪಿಸುವುದು ಕೃತಘ್ನತೆಯಾದೀತು. ಆದರೂ ಹೊರಗಿನ ಸದ್ದು ಹೆಚ್ಚಾದಾಗ ಕಿಟಕಿ ಮುಚ್ಚು ಎನ್ನುವ ಹಿರಿಯರೂ, ಬೀದಿಯ ಮೆರವಣಿಗೆಯತ್ತ ಕಾಲೆಳೆಯುವ ಮಕ್ಕಳೂ ಯಾವ ಅಲ್ಪಸಂಖ್ಯಾತ ಮನೆಗೂ ಹೊಸಬರಲ್ಲ. ಹಿರಿಯರ ಕಿಟಕಿ ಮುಚ್ಚುವಿಕೆಯಿಂದ ಭಾಷೆ ಉಳಿದದ್ದೂ ಉಂಟು. ಅದರಿಂದಲೇ ಮಕ್ಕಳು ಬಿಟ್ಟು ಹೋದದ್ದೂ ಉಂಟು. ಕೌಟುಂಬಿಕ ವ್ಯಾಜ್ಯಗಳ ಕಡತಗಳಲ್ಲಿ ಎರಡೂ ಬಗೆಯ ಮನೆಗಳನ್ನು ಕಂಡಿದ್ದೇನೆ. ಯಾವುದು ಸರಿಯೆಂದು ತೀರ್ಪು ಹೇಳುವ ಧೈರ್ಯ ನನಗಿಲ್ಲ.

ನಾಟಕದ ಪದ್ಯ ಹಾಡಾಗುವ ಬಗೆಯನ್ನು ಕುರಿತು ಇಂಗ್ಲೆಂಡಿನವರಿಗಿಂತ ಹೆಚ್ಚು ಅನುಭವ ನಮ್ಮ ಕಡೆಯವರಿಗೇ ಇದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಅದರಲ್ಲಿಯೂ ವಕೀಲರಿಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಳ್ಳಾರಿಯ ವಕೀಲರ ಸಂಘವೇ ಒಂದು ನಾಟಕಶಾಲೆಯಂತಿತ್ತು. ಧರ್ಮವರಂ ರಾಮಕೃಷ್ಣಮಾಚಾರ್ಯರು ಅಲ್ಲಿ ವಕೀಲರು. ಸರಸ ವಿನೋದಿನಿ ಸಭೆಯ ಸ್ಥಾಪಕರು. ತೆಲುಗು ನಾಟಕದೊಳಕ್ಕೆ ಹಾಡುಗಳನ್ನು ಹೇರಳವಾಗಿ ತಂದವರು. ಅವರ ಪ್ರತಿಸ್ಪರ್ಧಿ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರೇ. ಅವರದು ಸುಮನೋರಮಾ ಸಭೆ. ಮುಂದಿನ ತಲೆಮಾರಿನ ಬಳ್ಳಾರಿ ರಾಘವರೂ (1880–1946) ಕರಿಯ ಕೋಟಿನವರೇ. ಬೆಳಿಗ್ಗೆ ನ್ಯಾಯಾಲಯ, ರಾತ್ರಿ ರಂಗಭೂಮಿ. ಸರಸ ವಿನೋದಿನಿ ಸಭೆಯವರು 1891ರಲ್ಲಿ ಮದರಾಸಿಗೆ ಬಂದು ಆಡಿದ ನಾಟಕಗಳನ್ನು ನೋಡಿದ ಹದಿನೆಂಟರ ಯುವಕನೊಬ್ಬ ಅದೇ ವರ್ಷ ಸುಗುಣ ವಿಲಾಸ ಸಭೆಯನ್ನು ಕಟ್ಟಿದ. ಅವರೇ ಪಮ್ಮಲ್ ಸಂಬಂಧ ಮುದಲಿಯಾರ್. ಮುಂದೆ ವಕೀಲರಾಗಿ, ಸ್ಮಾಲ್ ಕಾಸಸ್ ನ್ಯಾಯಾಲಯದ ನ್ಯಾಯಾಧೀಶರಾಗಿ, ಆಧುನಿಕ ತಮಿಳು ರಂಗಭೂಮಿಯ ಹಿರಿಯರೆನಿಸಿದರು. ಶೇಕ್ಸ್‌ಪಿಯರನ ಹಲವು ನಾಟಕಗಳನ್ನು ತಮಿಳಿಗೆ ತಂದರು. ಅವುಗಳಲ್ಲಿ ‘ವಾಣೀಪುರ ವಣಿಗನ್’ ಎಂಬುದು ನಮ್ಮ ಈ ವೆನಿಸಿನ ವ್ಯಾಪಾರಿಯೇ. ಬಳ್ಳಾರಿಯ ಬೀಜ ಮದರಾಸಿನಲ್ಲಿ ಮೊಳೆತದ್ದನ್ನು ಮುದಲಿಯಾರರು ತಮ್ಮ ರಂಗನೆನಪುಗಳಲ್ಲಿ ಮರೆಯದೆ ಬರೆದಿದ್ದಾರೆ. ನಾವು ಮರೆತಿದ್ದೇವೆ.

ಮೈಸೂರಿನಲ್ಲಿ ಆಗ ಅರಮನೆಯ ನಾಟಕ ಮಂಡಲಿ. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿದ್ದ ಬಸವಪ್ಪ ಶಾಸ್ತ್ರಿಗಳು (1843–1891) ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಇಂಗ್ಲಿಷ್ ಬಾರದ ಅವರು, ಸಿ. ಸುಬ್ಬರಾಯರಿಂದ ‘ಒಥೆಲೊ’ದ ಕಥೆ ಮಾತುಗಳನ್ನು ತಿಳಿದುಕೊಂಡು ‘ಶೂರಸೇನ ಚರಿತ್ರೆ’ಯನ್ನು ರಚಿಸಿದರು. ಈ ನಾಟಕಗಳು ರಂಗಕ್ಕೆ ಬಂದಾಗ ವೃತ್ತಗಳಿಗೆ ರಾಗ ಬಂತು, ರಾಗಕ್ಕೆ ಆಲಾಪ ಬಂತು, ಆಲಾಪಕ್ಕೆ ಅಭಿಮಾನಿಗಳು ಬಂದರು. ಮುಂದೆ ವರದಾಚಾರ್ಯರ ರತ್ನಾವಳಿ ಮಂಡಲಿಯ ಕಾಲಕ್ಕೆ ಜನ ನಾಟಕ ನೋಡಲು ಹೋಗುತ್ತಿದ್ದರೆನ್ನುವುದಕ್ಕಿಂತ ಕೇಳಲು ಹೋಗುತ್ತಿದ್ದರೆನ್ನಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಈ ಪರಂಪರೆಯನ್ನು ಊರೂರಿಗೆ ಹೊತ್ತೊಯ್ದಿತು. ‘ವನ್ಸ್ ಮೋರ್’ ಎಂಬ ಕೂಗು ಕನ್ನಡದ್ದೇ ಪದವಾಗಿ ಹೋಯಿತು. ಸತ್ತು ಬಿದ್ದ ಪಾತ್ರ ಎದ್ದು ನಿಂತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುತ್ತಿದ್ದ ಕಥೆಗಳನ್ನು ಕೇಳಿ ಇಂದು ನಗುತ್ತೇವೆ. ಆದರೆ ಲೊರೆಂಜೊನ ಮಾತನ್ನು ನಾಟಕದಿಂದ ಕಿತ್ತು ಕಛೇರಿಯ ಮೇಲಿಟ್ಟ ವಾನ್ ವಿಲಿಯಮ್ಸ್ ಮಾಡಿದ್ದೂ ಇದನ್ನೇ. ಕಥೆ ನಿಲ್ಲಲಿ, ಹಾಡು ಮೊದಲು ಎಂದರು. ನಮ್ಮಲ್ಲಿ ಒಬ್ಬ ನಟನ ಕಂಠಕ್ಕಾಗಿ ಕಥೆ ನಿಂತಿತು. ಅವರಲ್ಲಿ ಹದಿನಾರು ಕಂಠಗಳಿಗಾಗಿ. ಅವರ ಹದಿನಾರರಲ್ಲಿ ನಾಯಕನೆಂಬವನಿಲ್ಲದಿರುವುದು ನನಗೆ ಹೆಚ್ಚು ಹಿಡಿಸಿತು.

ಕಾಳಿದಾಸನ ವಿಷಯ ಬಂದುದರಿಂದ ಇನ್ನೊಂದು ಸಂಗತಿ. ಶಾಕುಂತಲದಲ್ಲಿಯೂ ಸಂಗೀತವನ್ನು ಕುರಿತ ಮಹತ್ತರ ಪದ್ಯ ಬರುವುದು ಐದನೆಯ ಅಂಕದಲ್ಲಿಯೇ. ತೆರೆಯ ಹಿಂದೆ ಹಂಸಪದಿಕೆ ಎಂಬ ರಾಣಿ ಹಾಡುತ್ತಾಳೆ. ದುಷ್ಯಂತನಿಗೆ ಆ ಹಾಡು ತನ್ನನ್ನು ಚುಚ್ಚುವುದಕ್ಕೆಂದು ಗೊತ್ತು. ಆದರೆ ಅದಕ್ಕೆ ಮೀರಿದ ಒಂದು ಕಳವಳ ಅವನನ್ನು ಹಿಡಿಯುತ್ತದೆ. ಪ್ರಿಯರಾದವರು ಯಾರೂ ಅಗಲಿಲ್ಲ, ಆದರೂ ಏಕೆ ಈ ಉಮ್ಮಳ? ಸುಖದಲ್ಲಿರುವವನೂ ಇಂಪಾದ ದನಿ ಕೇಳಿದಾಗ ವ್ಯಾಕುಲನಾಗುವುದು, ಹಿಂದಿನ ಜನ್ಮದ ಯಾವುದೋ ನಂಟು ಅರಿವಿಲ್ಲದೆ ನೆನಪಾಗುವುದರಿಂದಲೇ ಇರಬೇಕೆಂದು ಅವನು ಭಾವಿಸುತ್ತಾನೆ. ಹಿಂದಿನ ಜನ್ಮದ್ದಲ್ಲ, ಈ ಜನ್ಮದ್ದೇ. ಶಾಪದಿಂದ ಮರೆತ ಹೆಂಡತಿ ಬಾಗಿಲಿಗೆ ಬಂದಿದ್ದಾಳೆ. ಮುಂದಿನದು ನ್ಯಾಯಾಲಯದ ದೃಶ್ಯವೇ: ವಾದ, ನಿರಾಕರಣೆ, ಸಾಕ್ಷ್ಯವಾಗಬೇಕಾಗಿದ್ದ ಉಂಗುರ ಕಳೆದುಹೋದದ್ದು, ಗರ್ಭಿಣಿಯೊಬ್ಬಳ ದಾವೆ ಪುರಾವೆಯಿಲ್ಲದೆ ವಜಾ ಆದದ್ದು. ವೆನಿಸಿನ ನಾಟಕದಲ್ಲಿಯೂ ಕೊನೆಯ ಅಂಕದ ಜಗಳ ಉಂಗುರದ್ದೇ. ಆದರೆ ಅಲ್ಲಿ ಅದು ನಗೆಯಲ್ಲಿ ಮುಗಿಯುತ್ತದೆ.

ಎರಡು ನಾಟಕಗಳಲ್ಲಿಯೂ ಇಂಪಾದ ಸಂಗೀತ ಕೇಳಿ ಸಂತೋಷಪಡದವರು ಇದ್ದಾರೆ. ಅಲ್ಲಿ ದುಷ್ಯಂತ, ಇಲ್ಲಿ ಜೆಸಿಕಾ. ಮಧುರವಾದ ಸಂಗೀತ ಕೇಳಿದಾಗ ತನಗೆ ಉಲ್ಲಾಸವೆನಿಸುವುದಿಲ್ಲವೆಂದು ಅವಳು ಒಂದೇ ಸಾಲಿನಲ್ಲಿ ಹೇಳುತ್ತಾಳೆ. ನಿನ್ನ ಮನಸ್ಸು ತನ್ಮಯವಾಗಿರುವುದರಿಂದ ಹಾಗೆ ಎಂದು ಲೊರೆಂಜೊ ಕಾರಣ ಕೊಟ್ಟು ತನ್ನ ಉಪನ್ಯಾಸವನ್ನು ಮುಂದುವರಿಸುತ್ತಾನೆ. ಕಾಳಿದಾಸನನ್ನು ಓದಿದವನಿಗೆ ಆ ಕಾರಣ ಸಾಲದು. ಮರೆತ ನಂಟೊಂದು ಒಳಗಿನಿಂದ ಬಾಗಿಲು ತಟ್ಟುತ್ತಿದೆಯೆಂದೇ ತೋರುತ್ತದೆ.

ಲಿಪಿ ಹೋದ ಮೇಲೆಯೂ ಹಾಡು ಉಳಿಯುವುದನ್ನು ನಮ್ಮ ಕಣಿವೆಯಲ್ಲಿ ಕಂಡಿದ್ದೇವೆ. ಕನ್ನಡ ಅಕ್ಷರ ಒಂದನ್ನೂ ಗುರುತಿಸಲಾರದ ಅಜ್ಜಿಯರು ಮದುವೆಯ ಹಸೆಯ ಮುಂದೆ, ಒರಳಿನ ಮುಂದೆ, ಹೆಣದ ಮುಂದೆ ಹಾಡುವುದು ಕನ್ನಡವನ್ನೇ. ಅರ್ಥ ಕೇಳಿದರೆ ಕೆಲವು ಮಾತುಗಳಿಗೆ ಅವರಿಗೂ ಗೊತ್ತಿಲ್ಲ. ತಾಯಿ ಹಾಡುತ್ತಿದ್ದಳು, ನಾನು ಹಾಡುತ್ತೇನೆ ಎನ್ನುತ್ತಾರೆ. ಚೌಡೇಶ್ವರಿಯ ಹಬ್ಬದಲ್ಲಿ ಅಲಗು ಸೇವೆಯ ತರುಣರ ಕೂಗು, ಕಂಬದ ನಂದಗೋಪಾಲ ತಂಬಿರಾನ್ ತೊಳುವಿನಲ್ಲಿ ಸಂಕ್ರಾಂತಿಯ ಸಮಯದಲ್ಲಿ ದೇವರ ಹಸುಗಳ ಮುಂದಿನ ಸಡಗರ, ಇವೆಲ್ಲ ತಮಿಳು ಮಾತಿನ ನಡುವೆಯೂ ಬೇರೊಂದು ನೆನಪನ್ನು ಹೊತ್ತಿವೆ. ಸಂವಿಧಾನದ 29ನೆಯ ಅನುಚ್ಛೇದ ಭಾಷೆ, ಲಿಪಿ, ಸಂಸ್ಕೃತಿ ಎಂಬ ಮೂರು ಪದಗಳ ನಡುವೆ ‘ಅಥವಾ’ ಎಂಬ ಪದವನ್ನಿಟ್ಟಿದೆ. ವಕೀಲನಿಗೆ ಈ ‘ಅಥವಾ’ ಬಹು ದೊಡ್ಡದು. ಲಿಪಿ ಕೈಬಿಟ್ಟ ಸಮುದಾಯಕ್ಕೂ ತನ್ನ ಭಾಷೆಯನ್ನು ಕಾಪಾಡಿಕೊಳ್ಳುವ ಹಕ್ಕು ಉಂಟು. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಮಾತಾಡುವ 350ಎ ಅನುಚ್ಛೇದಕ್ಕಾಗಿ ಅರ್ಜಿ ಬರೆಯುವವರು ಬರೆಯಲಿ. ಅದರ ಜೊತೆಗೆ ಒಂದು ಧ್ವನಿಮುದ್ರಣ ಯಂತ್ರ ಹಿಡಿದು ಅಜ್ಜಿಯ ಮುಂದೆ ಕೂರುವ ಕೆಲಸಕ್ಕೆ ಯಾವ ಅಧಿಕಾರಿಯ ಸಹಿಯೂ ಬೇಡ. ಎಸೆಕ್ಸಿನ ಕೂಲಿಕಾರನ ಮುಂದೆ 1903ರಲ್ಲಿ ಕುಳಿತವರ ಬಳಿ ಇದ್ದದ್ದು ಕಾಗದ ಪೆನ್ಸಿಲು ಮಾತ್ರ.

ಹಾಗೆ ಜನರ ಬಾಯಿಂದ ಪಡೆದದ್ದನ್ನು ಮಹಾನಾಟಕದ ಪದ್ಯಕ್ಕೆ ಹೊಂದಿಸಿದವರು ನಮ್ಮಲ್ಲಿಯೂ ಇದ್ದರು. ಬಂಟ್ವಾಳದ ಹತ್ತಿರದ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು (1929–2002) ಹುಡುಗರಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ವೀರಣ್ಣನವರು ಅವರನ್ನು ಓದಲು ಕಾಶಿಗೆ ಕಳುಹಿದರು. ಅಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು. 1979ರಲ್ಲಿ, ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದಾಗ, ‘ಮ್ಯಾಕ್‌ಬೆತ್’ ನಾಟಕವನ್ನು ‘ಬರ್ನಂ ವನ’ ಎಂಬ ಹೆಸರಿನಲ್ಲಿ ರಂಗಕ್ಕೆ ತಂದರು. ರಘುವೀರ ಸಹಾಯರ ಹಿಂದಿ ಪದ್ಯಾನುವಾದ. ಕುಣಿತ, ನಡೆ, ಲಯಗಳು ನಮ್ಮ ಯಕ್ಷಗಾನದವು. ದಿಲ್ಲಿಯವರು ಸ್ಕಾಟ್ಲೆಂಡಿನ ಕೊಲೆಗಾರನನ್ನು ದಕ್ಷಿಣ ಕನ್ನಡದ ಹೆಜ್ಜೆಯಲ್ಲಿ ಕಂಡರು. ಕಂಪನಿ ನಾಟಕದ ಹಾಡು ಕಥೆಯನ್ನು ನಿಲ್ಲಿಸುತ್ತಿತ್ತೆಂದೆನಲ್ಲ. ಕಾರಂತರ ಹಾಡು ಕಥೆಯನ್ನು ತಳ್ಳುತ್ತದೆ. ಕಲ್ಲು, ಬಿದಿರು, ತಗಡು ಯಾವುದನ್ನೂ ವಾದ್ಯವಾಗಿಸಿಕೊಂಡು, ಮಾತು ಯಾವ ಗಳಿಗೆಯಲ್ಲಿ ಹಾಡಾಯಿತೆಂದು ತಿಳಿಯದಂತೆ ಮಾಡುವುದು ಅವರ ಬಗೆ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ಅವರ ಪ್ರಯೋಗದಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಮತ್ತೆ 1938ಕ್ಕೆ. ಸೆರಿನೇಡ್ ಮೊದಲು ಹಾಡಿದ ದಿನಕ್ಕೆ ಐದು ದಿನ ಹಿಂದೆ, ಸೆಪ್ಟೆಂಬರ್ 30ರಂದು, ಮ್ಯೂನಿಕ್ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಯುದ್ಧ ತಪ್ಪಿತೆಂದು ಲಂಡನ್ ನಿಟ್ಟುಸಿರು ಬಿಟ್ಟಿತ್ತು. ಆಲ್ಬರ್ಟ್ ಹಾಲಿನಲ್ಲಿ ಆ ಬೆಳದಿಂಗಳ ಶಾಂತಿ ಅಷ್ಟು ಹೃದಯಗಳನ್ನು ತಟ್ಟಿದ್ದಕ್ಕೆ ಅದೂ ಒಂದು ಕಾರಣವೆಂದು ನನ್ನ ಊಹೆ. ಮುಂದಿನ ತಿಂಗಳು, ನವೆಂಬರ್ 9ರ ರಾತ್ರಿ, ಜರ್ಮನಿಯಲ್ಲಿ ಯಹೂದಿಗಳ ಅಂಗಡಿಗಳ, ಪ್ರಾರ್ಥನಾಮಂದಿರಗಳ ಗಾಜುಗಳು ಒಡೆದವು. ಶೈಲಾಕನ ಕಿಟಕಿಗಳು ಹೊರಗಿನಿಂದ ತೆರೆದವು.

ಪದ್ಯದಿಂದ ಶೈಲಾಕನ ನೆರಳನ್ನು ಅಳಿಸಿದ ರಚನಕಾರ ಆಗ ಏನು ಮಾಡಿದರೆಂದು ಕೇಳುವುದು ನ್ಯಾಯ. ಹಿಂದಿನ ವರ್ಷ, 1937ರಲ್ಲಿ, ಹಾಂಬುರ್ಗ್ ವಿಶ್ವವಿದ್ಯಾಲಯದ ಶೇಕ್ಸ್‌ಪಿಯರ್ ಪ್ರಶಸ್ತಿಯನ್ನು ಅವರು ಹಿಂಜರಿಕೆಯೊಂದಿಗೆ ಸ್ವೀಕರಿಸಿದ್ದರು. 1938ರ ಕೊನೆಯಿಂದ ತಮ್ಮ ಊರಾದ ಡಾರ್ಕಿಂಗಿನಲ್ಲಿ ನಾಜಿ ಹಿಂಸೆಯಿಂದ ಓಡಿಬಂದ ನಿರಾಶ್ರಿತರ ನೆರವಿನ ಸಮಿತಿಯಲ್ಲಿ ದುಡಿದರು. 1939ರಲ್ಲಿ ಜರ್ಮನ್ ಸರ್ಕಾರ ಅವರ ಸಂಗೀತವನ್ನು ನಿಷೇಧಿಸಿತು. 1940ರಲ್ಲಿ ಬ್ರಿಟಿಷ್ ಸರ್ಕಾರವೇ ಹಾಗೆ ಬಂದ ಅನ್ಯದೇಶೀಯರನ್ನು ಶತ್ರುಗಳೆಂದು ಬಂಧಿಸಿಟ್ಟಾಗ, ಅವರಲ್ಲಿದ್ದ ಸಂಗೀತಗಾರರ ಬಿಡುಗಡೆಗಾಗಿ ರಚಿತವಾದ ಸಮಿತಿಯ ಅಧ್ಯಕ್ಷತೆ ವಹಿಸಿ, ಒಬ್ಬೊಬ್ಬರ ಪರವಾಗಿಯೂ ಅಧಿಕಾರಿಗಳ ಮುಂದೆ ವಾದಿಸಿದರು. ಪೋರ್ಷಿಯಾಳ ವಾದಕ್ಕಿಂತ ಈ ವಾದವನ್ನು ಕಾನೂನು ವಿದ್ಯಾರ್ಥಿಗಳಿಗೆ ಓದಿಸಿದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹದಿನಾರು ಮಂದಿ ಏಕವ್ಯಕ್ತಿ ಗಾಯಕರನ್ನು ಒಟ್ಟಿಗೆ ಕೂಡಿಸುವುದು ಪ್ರತಿ ಬಾರಿಯೂ ಆಗದ ಕೆಲಸವಾದುದರಿಂದ, ನಾಲ್ವರು ಗಾಯಕರಿಗೂ ಮೇಳಕ್ಕೂ ಒಂದು ರೂಪ, ವಾದ್ಯವೃಂದಕ್ಕೆ ಮಾತ್ರ ಇನ್ನೊಂದು ರೂಪ ಎಂದು ಅವರೇ ಸಿದ್ಧಪಡಿಸಿದರು. ಕೇಳಬಯಸುವವರು ಮೊದಲು ಹದಿನಾರರ ರೂಪವನ್ನೇ, ಅದರಲ್ಲಿಯೂ 1938ರ ಮುದ್ರಿಕೆಯನ್ನೇ ಕೇಳಬೇಕೆಂದು ನನ್ನ ಸಲಹೆ. ಸದ್ದು ಹಳೆಯದು, ತುಸು ಮಸುಕು. ಆದರೆ ಯಾರಿಗಾಗಿ ಯಾವ ಸಾಲು ಬರೆದದ್ದೋ ಅವರೇ ಅದನ್ನು ಹಾಡಿದ್ದಾರೆ.

ಕೇಳುವಾಗ ಒಂದು ಕಡೆ ಕಿವಿ ನಿಲ್ಲಿಸಬೇಕು. ಚಂದ್ರದೇವತೆಯನ್ನು ಎಬ್ಬಿಸುವ ಗದ್ದಲ ಇಳಿದ ಕೂಡಲೆ ಜೆಸಿಕಾಳ ಆ ಒಂದು ಸಾಲು ಬರುತ್ತದೆ. ಕೃತಿಯಲ್ಲಿ ಅದು ಯಾರದೆಂಬ ಗುರುತಿಲ್ಲ. ನಾಟಕದಲ್ಲಿ ಅವಳ ಕೊನೆಯ ಮಾತು ಅದು. ಆಮೇಲೆ ಪೋರ್ಷಿಯಾ ಬರುತ್ತಾಳೆ, ಉಂಗುರದ ಜಗಳ ನಡೆಯುತ್ತದೆ, ಎಲ್ಲರೂ ನಗುತ್ತಾರೆ. ತಂದೆಯ ಆಸ್ತಿಯ ಪತ್ರ ಗಂಡನ ಕೈಸೇರುತ್ತದೆ. ಜೆಸಿಕಾ ರಂಗದ ಮೇಲೆಯೇ ಇದ್ದಾಳೆ. ತೆರೆ ಬೀಳುವವರೆಗೆ ಅವಳು ಮತ್ತೆ ಬಾಯಿ ತೆರೆಯುವುದಿಲ್ಲ.